ಐದನೆಯ ಉಡಿ

ಹಳೆಯ ಕಲ್ಲು ಕಂಡ ಕೂಡಲೇ ಅದರ ಬಗ್ಗೆ ಪಕ್ಕದವರಿಗೆ ಏನಾದರೂ ಹೇಳದೆ ಇರಲಾರದ ಜನ ಕೆಲವರಿರುತ್ತಾರೆ. ನಾನು ಆ ಪೈಕಿ. ಬಾದಾಮಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದೆ ಎಂದು ಹೇಳಿಕೊಳ್ಳುತ್ತೇನೆ. ಕಲಿತವರು ಯಾರು ಎಂದು ಇದುವರೆಗೆ ಯಾರೂ ಕೇಳಿಲ್ಲ, ಅದು ಅವರ ದೊಡ್ಡತನ. ರಜೆಯ ದಿನ ಬೀಗರು ಬರಲಿ, ಬೀಗರ ಬೀಗರು ಬರಲಿ, ಊರಿಗೆ ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕಿನವರು ಬರಲಿ, ಎಲ್ಲರನ್ನೂ ಗುಡ್ಡ ಹತ್ತಿಸಿ ನಾಲ್ಕೂ ಗುಹೆಗಳ ಮುಂದೆ ನಿಲ್ಲಿಸಿ, ನನ್ನ ಮಾತು ಮುಗಿಯುವ ತನಕ ಕೆಳಗಿಳಿಯಲು ಬಿಡುತ್ತಿರಲಿಲ್ಲ. ನಮ್ಮ ಮನೆಗೆ ಒಮ್ಮೆ ಬಂದುಹೋದವರು ಎರಡನೆಯ ಸಲ ಬರುವಾಗ ಹೊಸ್ತಿಲಲ್ಲೇ ಮೊಣಕಾಲು ಹಿಡಿದುಕೊಂಡು, "ಸರ್, ಈ ಸಲ ಕಾಲ ಭಾಳ ನೋಯಕತ್ತಾವ್ರಿ" ಎಂದು ಹೇಳಿಯೇ ಒಳಗೆ ಬರುತ್ತಿದ್ದರು. ಬಾದಾಮಿಯ ನೀರಿನಲ್ಲೇ ಏನೋ ದೋಷವಿರಬೇಕು, ಎಲ್ಲರಿಗೂ ಮೊಣಕಾಲು ನೋವು ಎಂದು ನಾನು ಬಹಳ ವರ್ಷ ನಂಬಿದ್ದೆ.

ಇಂಥ ನನ್ನ ಧ್ವನಿ ಒಂದು ಬೆಳಿಗ್ಗೆ ಹೊರಟುಹೋಯಿತು. ಚಹಾ ಕೇಳಲು ಬಾಯಿ ತೆರೆದರೆ ಬರೀ ಗಾಳಿ ಬಂತು. ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರರು ಗಂಟಲಿಗೆ ದೀಪ ಹಾಕಿ ನೋಡಿ, ಸಣ್ಣದೊಂದು ಗಂಟು ಇದೆ, ತೆಗೆದು ಪರೀಕ್ಷೆಗೆ ಕಳಿಸುತ್ತೇವೆ ಎಂದರು. ಪರೀಕ್ಷೆ ಎಂದು ಹೇಳಿ ಜೀವಮಾನವೆಲ್ಲ ಮಕ್ಕಳನ್ನು ಹೆದರಿಸಿದವನು ಅವತ್ತು ನಾನೇ ಹೆದರಿದೆ. ಖರೇ ಹೆದರಿದೆ; ಇದರಲ್ಲಿ ಹಾಸ್ಯವೇನೂ ಇಲ್ಲ. ಒಂದೂವರೆ ತಿಂಗಳು ಪಾಟಿಯ ಮೇಲೆ ಬರೆದು ಬದುಕಿದೆ. ನೋಡಲು ಬಂದ ಪಕ್ಕದ ಮನೆಯಾಕೆ ನನ್ನ ಎದುರಿಗೇ, "ಏನs ಅನ್ರಿ, ಮನಿ ಮಾತ್ರ ಎಷ್ಟ ತಣ್ಣಗ ಐತಿ" ಎಂದು ಹೇಳಿ ಚಹಾ ಕುಡಿದು ಹೋದಳು. ಅದಕ್ಕೆ ತಕ್ಕ ಉತ್ತರವನ್ನು ನಾನು ಬರೆದು ಮುಗಿಸುವಷ್ಟರಲ್ಲಿ ಆಕೆ ಬಾಗಿಲು ದಾಟಿದ್ದಳು.

ನನ್ನ ಹೆಂಡತಿ ಗಿರಿಜಾ ಗುಳೇದಗುಡ್ಡದ ನೇಕಾರರ ಮನೆಯ ಮಗಳು. ಮಗ್ಗದ ಸದ್ದಿನಲ್ಲಿ ಬೆಳೆದವಳಾದ್ದರಿಂದ ನನ್ನನ್ನು ಸಹಿಸಿಕೊಂಡಿದ್ದಾಳೆ ಎಂದು ನಮ್ಮ ಮಾವನವರೇ ಹೇಳುತ್ತಿದ್ದರು. ಕಣ್ಣೀರು ಹಾಕುವುದು ಅವಳ ಪದ್ಧತಿಯಲ್ಲ. ದೇವರ ಮುಂದೆ ನಿಂತು ಕರಾರು ಮಾಡಿಕೊಂಡಂತೆ ಹರಕೆ ಹೊತ್ತಳು: ಇವರ ಧ್ವನಿ ಬಂದರೆ, ಬಂದ ದಿನದಿಂದ ವರ್ಷ ತುಂಬುವುದರೊಳಗೆ ಐದು ಮಂದಿ ತಾಯಂದಿರಿಗೆ ಉಡಿ ತುಂಬುತ್ತೇನೆ, ಕೊನೆಯದನ್ನು ವರ್ಷ ತುಂಬುವ ದಿನವೇ. ನಮ್ಮ ಕಡೆ ಉಡಿ ತುಂಬುವುದೆಂದರೆ, ದೇವಿಯ ಅಥವಾ ಮುತ್ತೈದೆಯ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು ಹಾಕಿ, ಮೇಲೊಂದು ಹೊಸ ಕುಪ್ಪಸದ ಖಣ ಇಟ್ಟು ಕೈಮುಗಿಯುವುದು. ಗಂಟು ಏನೂ ಕೆಟ್ಟದ್ದಲ್ಲ ಎಂದು ಪರೀಕ್ಷೆಯಿಂದ ಬಂತು. ಧ್ವನಿಯೂ ಬಂತು, ಮೊದಲಿಗಿಂತ ಒಂದು ಕೈ ಜೋರಾಗಿಯೇ ಬಂತು. ಗಿರಿಜಾ ಬನಶಂಕರಿಗೆ, ಊರ ದ್ಯಾಮವ್ವನಿಗೆ, ಸವದತ್ತಿ ಎಲ್ಲಮ್ಮನಿಗೆ, ಕೊಲ್ಹಾಪುರದ ಲಕ್ಷ್ಮಿಗೆ ಉಡಿ ತುಂಬಿದಳು. ಐದನೆಯದು ಹುಲಿಗೆಮ್ಮನಿಗೆ ಎಂದು ಗೊತ್ತುಮಾಡಿ ಇಟ್ಟಿದ್ದಳು.

ಅಷ್ಟರಲ್ಲಿ ನಾನು ಯುರೋಪ್ ಪ್ರವಾಸಕ್ಕೆ ಇಬ್ಬರ ಹೆಸರು ಹಚ್ಚಿಸಿ ಬಂದೆ. ಅವಳನ್ನು ಕೇಳಲಿಲ್ಲ. ಸಂತೋಷದ ಸುದ್ದಿಯನ್ನು ಕೇಳಿ ಮಾಡುವುದೇನಿದೆ ಎಂದುಕೊಂಡಿದ್ದೆ. ಗಿರಿಜಾ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಬೆರಳಿನಲ್ಲಿ ವಾರ ಎಣಿಸಿ ಹೇಳಿದಳು:

"ನಾವು ಅಲ್ಲಿದ್ದಾಗಿನ ಶುಕ್ರವಾರಕ್ಕ ವರ್ಷ ತುಂಬತೈತಿ. ಐದನೇ ಉಡಿ ಹೆಂಗ?"

"ಬಂದ ಮ್ಯಾಲೆ ತುಂಬಿದ್ರಾತು ಬಿಡು. ತಾಯಿ ಎಲ್ಲಿ ಹೋಗ್ತಾಳ?"

"ವಾಯಿದೆ ಅಂದ್ರ ವಾಯಿದೆ ರೀ. ನಿಮ್ಮ ಗಂಟಲಾನೂ ಆಮ್ಯಾಲೆ ನೋಡಿದ್ರಾತು ಅಂತ ಆಕಿ ಅಂದಿದ್ರ?"

ಹರಕೆ ತಪ್ಪಿದರೆ ಗಂಟಲು ಮತ್ತೆ ಕೆಡುತ್ತದೆ ಎಂದು ನಂಬುವವನಲ್ಲ ನಾನು. ಆದರೆ ಅವಳು ನಂಬುತ್ತಾಳೆ. ಮೇಲಾಗಿ ಗಂಟಲು ನನ್ನದು. ಅವಳು ಉಡಿಯ ಸಾಮಾನನ್ನೆಲ್ಲ ಒಂದು ಅರಿವೆಯ ಚೀಲದಲ್ಲಿ ಕಟ್ಟಿ, ಸೂಟ್‌ಕೇಸಿನಲ್ಲಿ ಶೇಂಗಾ ಹಿಂಡಿ ಮತ್ತು ಕಟಕ ರೊಟ್ಟಿಯ ಪಕ್ಕದಲ್ಲಿ ಇಟ್ಟಳು.

ಆ ಶುಕ್ರವಾರ ನಮ್ಮ ಬಸ್ಸು ಒಂದು ದೊಡ್ಡ ನದಿಯ ದಂಡೆಯ ಊರಿಗೆ ಬಂತು. ಊರಿನ ಹೆಸರನ್ನು ನಾನು ಮೂರು ರೀತಿಯಲ್ಲಿ ಉಚ್ಚರಿಸಿ ನೋಡಿದೆ. ಮೂರನ್ನೂ ಅಲ್ಲಿಯವರು ನಗುತ್ತ ತಿದ್ದಿದರು. ಹೀಗಾಗಿ ಹೆಸರು ಬೇಡ. ಅಲ್ಲಿನ ಮುಖ್ಯ ಕೆಥೆಡ್ರಲ್ ನೋಡುವುದಿತ್ತು. ನಮ್ಮ ಟೂರ್ ಮ್ಯಾನೇಜರ್ ಬಸ್ಸಿನ ಮುಂದೆ ನಿಂತು ಒಳಗೆ ಹೇಗಿರಬೇಕು, ಹೇಗಿರಬಾರದು ಎಂದು ಮೈಕಿನಲ್ಲಿ ಹೇಳಿದರಂತೆ. ನನಗೆ ಕೇಳಲಿಲ್ಲ. ಆ ಹೊತ್ತಿಗೆ ಪಕ್ಕದ ಸೀಟಿನ ಹುಬ್ಬಳ್ಳಿಯ ವಕೀಲರಿಗೆ ಗಾಥಿಕ್ ಕಮಾನು ಯಾಕೆ ಚೂಪಾಗಿರುತ್ತದೆ ಎಂಬುದನ್ನು ನಾನು ವಿವರಿಸುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಹೊರಗೆ ಚಳಿ. ನಾನು ಕಿವಿ ಮುಚ್ಚುವ ಕಂದು ಬಣ್ಣದ ಮಂಕಿ ಕ್ಯಾಪ್ ಹಾಕಿಕೊಂಡು ಒಳಗೆ ಕಾಲಿಟ್ಟೆ. ಹೇಳಿಬಿಡುತ್ತೇನೆ, ಒಂದು ಕ್ಷಣ ನನಗೂ ಮಾತು ನಿಂತಿತು. ಕಂಬಗಳು ಕಣ್ಣಿಗೆ ಎಟುಕದಷ್ಟು ಎತ್ತರ ಹೋಗಿ, ಅಲ್ಲಿ ಒಂದಕ್ಕೊಂದು ಕೈಚಾಚಿ ಕೂಡಿಕೊಂಡಿದ್ದವು. ನಮ್ಮಲ್ಲಿ ಗುಡ್ಡದ ಹೊಟ್ಟೆ ಕೊರೆದು ದೇವರನ್ನು ಇಟ್ಟರು. ಇವರು ಬಯಲಿನಲ್ಲಿ ಗುಡ್ಡ ಕಟ್ಟಿ ಇಟ್ಟಿದ್ದಾರೆ. ಬೆಂಕಿ ಬಿದ್ದು ಅರ್ಧ ಸುಟ್ಟ ಮೇಲೆ ಸುಟ್ಟ ಭಾಗವನ್ನು ಆಡಂಬರದ ಬರೋಕ್ ಶೈಲಿಯಲ್ಲಿ ಕಟ್ಟಿದ್ದರಂತೆ. ಅಲ್ಲಿಂದ ಮುಂದೆ ಎಲ್ಲಿ ನೋಡಿದರೂ ಬಂಗಾರ, ತಿರುಚಿದ ಕಂಬ, ಗಲ್ಲ ಉಬ್ಬಿದ ಗಾರೆಯ ಕೂಸುಗಳು. ಮೊದಲರ್ಧ ಲೆಕ್ಕದ ಮಾಸ್ತರು ಕಟ್ಟಿಸಿದಂತೆ, ಇನ್ನರ್ಧ ಮದುವೆ ಮನೆಯವರು ಕಟ್ಟಿಸಿದಂತೆ ಇತ್ತು. ಪಟ್ಟದಕಲ್ಲಿನಲ್ಲಿ ಎರಡು ಶೈಲಿಗಳು ಪಕ್ಕಪಕ್ಕ ನಿಂತಿವೆ, ಇಲ್ಲಿ ಒಂದರ ಹೊಟ್ಟೆಯೊಳಗೆ ಒಂದು ಕುಳಿತಿದೆ ಎಂಬ ಮಾತು ನನಗೆ ಹೊಳೆಯಿತು. ಹೊಳೆದದ್ದನ್ನು ಹೇಳಿಯೂಬಿಟ್ಟೆ. ಆ ಕಟ್ಟಡ ನನ್ನ ಮಾತನ್ನು ತೆಗೆದುಕೊಂಡು ನಾಲ್ಕು ಸಲ ವಾಪಸು ಹೇಳಿತು. ಇಂಥ ಶ್ರೋತೃ ನನಗೆ ಬಾದಾಮಿಯಲ್ಲಿ ಸಿಕ್ಕಿರಲಿಲ್ಲ. ಇನ್ನಷ್ಟು ಹೇಳಿದೆ.

ಆಗ ಗಿರಿಜಾ ನನ್ನ ಕೋಟಿನ ತೋಳು ಜಗ್ಗಿದಳು. "ರೀ, ಐದನೇದಾಕಿ ಸಿಕ್ಕಳು."

ಎಡಗಡೆಯ ಸಣ್ಣ ಗುಡಿಯಂಥ ಅಂಕಣದಲ್ಲಿ ಮರದ ಮೇರಿ ಮಾತೆ ಕುಳಿತಿದ್ದಳು. ಮುಂದೆ ಸಾಲು ಮೇಣದ ಬತ್ತಿ, ಕಬ್ಬಿಣದ ಕಟಕಟೆ. ಗಿರಿಜಾ ಆಗಲೇ ಸೆರಗನ್ನು ತಲೆಯ ಮೇಲೆ ಹೊದ್ದು, ಚಪ್ಪಲಿ ತೆಗೆದು ಪಕ್ಕಕ್ಕಿಟ್ಟು, ಬೆಳಿಗ್ಗೆ ಸೂಟ್‌ಕೇಸಿನಿಂದ ತೆಗೆದುಕೊಂಡಿದ್ದ ಉಡಿಯ ಚೀಲವನ್ನು ಬಿಚ್ಚುತ್ತಿದ್ದಳು.

ಪ್ರವಾಸದ ಇಪ್ಪತ್ತು ಮಂದಿಯಲ್ಲಿ ಎಲ್ಲ ಬಲ್ಲ ಸರ್ ಎಂದು ಹೆಸರು ಪಡೆದವನು ನಾನು. ಆ ಹೆಸರು ಹುಟ್ಟಿ ನಾಲ್ಕೇ ದಿನವಾಗಿತ್ತು. "ಗಿರಿಜಾ, ಇದು ಚರ್ಚು. ಇಲ್ಲೆ ಅಕ್ಕಿ ಗಿಕ್ಕಿ ಚೆಲ್ಲಿದ್ರ ಪೊಲೀಸ್ರು ಬರ್ತಾರ. ಮಂದಿ ಮುಂದ ಮಾನ ಕಳೀಬ್ಯಾಡ."

"ತಾಯಿಗೆ ಉಡಿ ತುಂಬಿದ್ರ ಪೊಲೀಸ್ರಿಗೆ ಏನ್ ಕೆಲಸ?" ಎಂದು ಅವಳು ಕಟಕಟೆಯ ತನಕ ಹೋದಳು. ಹೋದವಳು ಅಲ್ಲಿಯೇ ನಿಂತುಬಿಟ್ಟಳು. ಮುಖ ಸಣ್ಣಗಾಯಿತು. "ಆಕಿ ಉಡಿಯೊಳಗ ಕೂಸು ಐತಲ್ರಿ," ಎಂದಳು ಮೆಲ್ಲಗೆ. "ಮೊದಲs ತುಂಬೈತಿ. ನಾ ಎಲ್ಲೆ ತುಂಬಲಿ?"

ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ದಾರಿ ತೋಚದೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಕೈಯಲ್ಲಿ ತವರಿನ ಖಣ, ಕಣ್ಣಲ್ಲಿ ನೀರು. ನನ್ನ ಗಂಟಲಿಗಾಗಿ ಅವಳು ಎಷ್ಟು ಹೆದರಿದ್ದಳೆಂಬುದು ನನಗೆ ಅಲ್ಲಿ ತಿಳಿಯಿತು. ದವಾಖಾನೆಯಲ್ಲಿ ಇದ್ದಾಗ ತಿಳಿದಿರಲಿಲ್ಲ. ನಾನು ನನ್ನ ಹೆದರಿಕೆಯಲ್ಲೇ ಇದ್ದೆ. ಸಂಕಟವಾಯಿತು. ಏನಾದರೂ ಹೇಳಿ ಸಮಾಧಾನ ಮಾಡಬೇಕೆನಿಸಿತು. ಮೇರಿ ಮಾತೆಯ ಮೂರ್ತಿಶಿಲ್ಪದ ಬಗ್ಗೆ ಹೇಳತೊಡಗಿದೆ.

ಗಿರಿಜಾ ಕೇಳುತ್ತಿರಲಿಲ್ಲ. ಬತ್ತಿಗಳ ಬಳಿ ಒಬ್ಬ ಮುದುಕಿ ನಿಂತು, ಕೆಳಗೆ ಹರಿದ ಮೇಣವನ್ನು ಸಣ್ಣ ಚೂರಿಯಿಂದ ಕೆರೆದು ತೆಗೆಯುತ್ತಿದ್ದಳು. ತಲೆಗೆ ವಸ್ತ್ರ, ಸೊಂಟಕ್ಕೆ ನೀಲಿ ಏಪ್ರನ್. ಗಿರಿಜಾ ಆ ಏಪ್ರನ್ನನ್ನೇ ನೋಡುತ್ತಿದ್ದಳು. ಏನಾಗಲಿದೆಯೆಂದು ನನಗೆ ಗೊತ್ತಾಯಿತು. ಕೊನೆಯ ಅಸ್ತ್ರ ತೆಗೆದೆ: "ಆಕಿ ಮುತ್ತೈದಿ ಹೌದೋ ಅಲ್ಲೋ, ಯಾರಿಗ್ಗೊತ್ತು?"

"ತಾಯಿ ಮುಂದ ನಿಂತು ದುಡೀತಾಳ. ಈಕಿಗೆ ತುಂಬಿದ್ರ ಆಕಿಗೆ ಮುಟ್ಟತೈತಿ. ನೀವು ಸುಮ್ನಿರ್ರಿ," ಎಂದು ಹೇಳಿ ಗಿರಿಜಾ ಮುದುಕಿಯ ಮುಂದೆ ಹೋಗಿ ನಿಂತಳು. "ಯವ್ವಾ, ಉಡಿ ಒಡ್ರಿ," ಎಂದಳು ಶುದ್ಧ ಗುಳೇದಗುಡ್ಡದ ಮಾತಿನಲ್ಲಿ, ತನ್ನ ಸೆರಗನ್ನು ಎರಡೂ ಕೈಯಿಂದ ಹಿಡಿದು ತೋರಿಸುತ್ತ.

ಮುದುಕಿ ಗಿರಿಜಾಳ ಮುಖ ನೋಡಿದಳು, ಖಣ ನೋಡಿದಳು, ಕಣ್ಣಿನ ನೀರು ನೋಡಿದಳು. ಚೂರಿ ಕೆಳಗಿಟ್ಟು, ಏಪ್ರನ್ನಿನ ಎರಡು ತುದಿ ಹಿಡಿದು ಒಡ್ಡಿದಳು.

ಇಂಥ ಹೊತ್ತಿನಲ್ಲಿ ವಿದ್ಯಾವಂತನಾದವನು ಮುಂದೆ ಬರಬೇಕು ಎಂದು ನನಗೆ ಅನಿಸಿತು. ಮುಂದೆ ಬಂದೆ. "ಮೇಡಂ, ಇದು ದಕ್ಷಿಣ ಭಾರತದ ಒಂದು ಪ್ರಾಚೀನ ಪದ್ಧತಿ" ಎಂದು ಇಂಗ್ಲಿಷಿನಲ್ಲಿ ಆರಂಭಿಸಿದೆ. ಕಟ್ಟಡ ಅದನ್ನು ನಾಲ್ಕು ಸಲ ಹೇಳಿತು. ಮುದುಕಿ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಅದೇ ಬೆರಳನ್ನು ನನ್ನ ಮಂಕಿ ಕ್ಯಾಪಿಗೆ ತೋರಿಸಿದಳು. ಸುತ್ತ ನೋಡಿದೆ. ಅಷ್ಟು ದೊಡ್ಡ ಕೆಥೆಡ್ರಲಿನಲ್ಲಿ ತಲೆಯ ಮೇಲೆ ಟೊಪ್ಪಿಗೆ ಇದ್ದ ಗಂಡಸು ನಾನೊಬ್ಬನೇ. ಹಿಂದಿನಿಂದ ಹುಬ್ಬಳ್ಳಿಯ ವಕೀಲರು ಪಿಸುಗುಟ್ಟಿದರು: "ಬಸ್ಸಿನ್ಯಾಗ ಹೇಳಿದ್ರಲ್ರಿ ಸರ್, ಟೊಪಗಿ ತಗೀರಿ, ಮೆಲ್ಲಗ ಮಾತಾಡ್ರಿ ಅಂತ." ಅವರು ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದದ್ದು ನನ್ನ ಮಾತನ್ನಲ್ಲ, ಮೈಕನ್ನು ಎಂಬುದು ನನಗೆ ಆಗ ತಿಳಿಯಿತು. ಕ್ಯಾಪ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ.

ಗಿರಿಜಾ ಐದು ಸಲ ಬೊಗಸೆ ತುಂಬಿ ಅಕ್ಕಿ ಹಾಕಿದಳು. ಒಂದು ಕಾಳೂ ಕೆಳಗೆ ಬೀಳಲಿಲ್ಲ. ಕೊಬ್ಬರಿ, ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು ಹಾಕಿ, ಮೇಲೆ ಖಣ ಇಟ್ಟು ನಮಸ್ಕಾರ ಮಾಡಿದಳು. ಮುದುಕಿ ಒಂದು ಕೈಯಲ್ಲಿ ಉಡಿಯನ್ನು ಕೂಡಿಸಿ ಹಿಡಿದು, ಇನ್ನೊಂದು ಕೈಯಿಂದ ಖಣದ ಅಂಚನ್ನು ಹೆಬ್ಬೆರಳಿನಲ್ಲಿ ಸವರಿ, ಹಿಂದುಮುಂದು ತಿರುವಿ ನೇಯ್ಗೆ ನೋಡಿ ತಲೆದೂಗಿದಳು. ಕಟಕಟೆಯ ಸಣ್ಣ ಬಾಗಿಲು ತೆಗೆದು ಒಳಗೆ ಹೋಗಿ ಖಣವನ್ನು ಮೇರಿಯ ಪಾದದ ಬಳಿ, ಹೂವಿನ ಪಕ್ಕದಲ್ಲಿ ಮಡಿಕೆ ಕೆಡದಂತೆ ಇಟ್ಟಳು. ಹೊರಗೆ ಬಂದು ಗಿರಿಜಾಳ ಕೈಗೆ ಒಂದು ಹಚ್ಚಿದ ಬತ್ತಿ ಕೊಟ್ಟಳು. ನನ್ನ ವಿವರಣೆಯಿಲ್ಲದೆಯೇ ಎಲ್ಲ ಕೆಲಸ ಮುಗಿದಿತ್ತು. ಗಿರಿಜಾ ಬತ್ತಿ ಇಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು.

ಬಸ್ಸಿನಲ್ಲಿ ಕುಳಿತ ಮೇಲೆ ಕೇಳಿದೆ: "ಹರಕಿ ಮುಟ್ಟಿತಲ್ಲ. ಮತ್ತ ಅಷ್ಟೊತ್ತು ಏನ್ ಬೇಡಿಕೊಂಡಿ?"

"ಧ್ವನಿ ಕೊಟ್ಟಿ, ಛಲೋ ಆತವ್ವಾ. ಅದನ್ನ ಎಲ್ಲಿ ತಗೀಬೇಕು, ಎಲ್ಲಿ ಮುಚ್ಚಿಕೋಬೇಕು ಅನ್ನೋ ತಿಳುವಳಿಕಿನೂ ಕೊಟ್ಟುಬಿಡು, ಎರಡು ಖಣ ಇಡ್ತೇನಿ ಅಂದೆ."

ಊರಿಗೆ ಬಂದ ವಾರದಲ್ಲೇ ತವರಿನಿಂದ ಎರಡು ಒಳ್ಳೆಯ ಖಣ ತರಿಸಿ ಕಪಾಟಿನಲ್ಲಿ ಇಟ್ಟಳು. ಮೊನ್ನೆ ಏನನ್ನೋ ಹುಡುಕುತ್ತ ಕಪಾಟು ತೆಗೆದೆ. ಖಣಗಳ ಮಡಿಕೆಯಲ್ಲಿ ಹುಳ ಹತ್ತದ ಹಾಗೆ ನಾಲ್ಕು ಡಾಂಬರ ಗುಳಿಗೆ ಹಾಕಿದ್ದಳು. ಇದೇನು ಎಂದು ಕೇಳಿದೆ.

"ಭಾಳ ವರ್ಷ ಇಡೋ ಅರಿವಿಗೆ ಹಾಕಬೇಕ್ರಿ," ಎಂದಳು.