ಓಲ್ಮೆದೊನ ನೆತ್ತಿಯ ಬಾಟಲಿ

ಓಲ್ಮೆದೊನ ಕಷ್ಟಕ್ಕೆಲ್ಲ ಮೂಲ ಅವನ ಮಾತಿನ ಬಾಲ. ಚೋಟಾ ಎಂಬ ನಮ್ಮ ಕಣಿವೆಯ ಕಪ್ಪು ಜನರ ಸ್ಪ್ಯಾನಿಷ್ ಮಾತಿನ ರಾಗ ವಾಕ್ಯದ ಕೊನೆಯವರೆಗೂ ಎತ್ತರದಲ್ಲೇ ಇರುತ್ತದೆ. ಹನ್ನೊಂದು ವರ್ಷ ರಾಜಧಾನಿ ಕ್ವಿಟೊದಲ್ಲಿ ಗೇಟು ಕಾದು ಬಂದ ಇವನದು ಮಾತ್ರ ಪ್ರತಿ ವಾಕ್ಯದ ತುದಿಯಲ್ಲೂ ಕುಸಿಯುತ್ತಿತ್ತು. ಅಂಗಡಿಯಲ್ಲಿ ಅವರೆಕಾಳು ಕೇಳಿದರೂ ಯಾರೋ ಸತ್ತ ಸುದ್ದಿ ತಂದವನ ಹಾಗಿರುತ್ತದೆಂದು ಊರೇ ಆಡಿಕೊಳ್ಳುತ್ತಿತ್ತು.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಮಾತಿನ ರಾಗ ಅಳೆಯುವ ಡಾಕ್ಟರ್ ಹಿಮೇನಾ ಯಂತ್ರ ಸಮೇತ ಬಂದಿಳಿದರು. ಸಂಜೆ ಹೊರಡುವಾಗ ಇನ್ನಷ್ಟು ಮಾತು ಅಳೆಯಲು ಒಬ್ಬರನ್ನು ವಾರದ ಮಟ್ಟಿಗೆ ಕ್ವಿಟೊಗೆ ಕರೆದೊಯ್ಯುತ್ತಾರಂತೆ. ಅಲ್ಲಿ ಓಲ್ಮೆದೊನ ಮಗಳು ಹೆತ್ತು ಮೂರು ತಿಂಗಳಾಗಿತ್ತು. ಬಸ್ಸಿಗೆ ಗತಿಯಿಲ್ಲದೆ ಮೊಮ್ಮಗಳ ಮುಖ ನೋಡಿರದ ಅಜ್ಜನ ಜೀವ ಚಡಪಡಿಸಿತು.

ಅಚ್ಚ ಕಣಿವೆಯ ರಾಗದವರನ್ನೇ ಆರಿಸುತ್ತಾರೆಂದು ಪಕ್ಕದ ಮನೆಯ ಬೆನಿಲ್ದಾ ತೀರ್ಪು ಕೊಟ್ಟಳು. ತಲೆಯ ಮೇಲೆ ಬಾಟಲಿ ಹೊತ್ತು ಬೋಂಬಾ ಕುಣಿಯುವುದರಲ್ಲಿ ಅವಳದು ಎತ್ತಿದ ಕೈ. ಊರವರ ಉಸಾಬರಿಯಲ್ಲೂ ಅಷ್ಟೇ. ಓಲ್ಮೆದೊನ ನೆತ್ತಿಗೊಂದು ಬಾಟಲಿ ಏರಿಸಿ ಮಾತಾಡಿಸತೊಡಗಿದಳು.

“ಮಾತು ಇಳಿಸಿದ್ಯೋ, ಗದ್ದ ಇಳಿಯತ್ತೆ, ಬಾಟ್ಲಿ ಬೀಳತ್ತೆ. ಹೂಂ, ಹೇಳು.”

ಮೂರು ಬಾಟಲಿ ಒಡೆದವು. ಪ್ರತಿ ಸಲವೂ ಬೆನಿಲ್ದಾ ಅವನ ಕುಸಿಯುವ ದನಿಯನ್ನು ಅಣಕಿಸಿ ತೋರಿಸುತ್ತಿದ್ದಳು. ಬೇಲಿಯಾಚೆ ನಿಂತವರು ಹೊಟ್ಟೆ ಹಿಡಿದು ನಗುತ್ತಿದ್ದರು. ನಾಲ್ಕನೆಯದು ಬೀಳಲಿಲ್ಲ, ಮಾತಿನ ಬಾಲವೂ ಬೀಳಲಿಲ್ಲ.

ಮಧ್ಯಾಹ್ನ ಓಲ್ಮೆದೊ ಯಂತ್ರದ ಮುಂದೆ ಕೂತು, ಹುಟ್ಟಿದಾಗಿನಿಂದ ಕಣಿವೆ ದಾಟಿಲ್ಲವೆಂದು ಪ್ರಮಾಣ ಮಾಡಿ, ಕಾಗದಕ್ಕೆ ಸಹಿಯನ್ನೂ ಹಾಕಿದ. ಡಾಕ್ಟರಮ್ಮ ತಲೆದೂಗಿದರು.

“ತುಂಬಾ ಚೆನ್ನಾಗಿದೆ. ಆದ್ರೆ ಇಂಥೋರು ಆಗ್ಲೇ ಇಪ್ಪತ್ತು ಜನ ಸಿಕ್ಕಿದಾರೆ. ನಾನು ಕರ್ಕೊಂಡು ಹೋಗ್ಬೇಕಾಗಿರೋದು, ಕ್ವಿಟೊದಲ್ಲಿ ವರ್ಷಗಟ್ಟಲೆ ಇದ್ದು ರಾಗ ಕೆಡಿಸ್ಕೊಂಡು ಬಂದೋರನ್ನ. ಯಾರಾದ್ರೂ ಇದಾರಾ?”

 ಓಲ್ಮೆದೊ ಬಾಯಿ ತೆರೆಯುವಷ್ಟರಲ್ಲಿ, ಅವನ ಹಿಂದೆಯೇ ನಿಂತಿದ್ದ ಬೆನಿಲ್ದಾ ಮುಂದೆ ಬಂದಳು. ಹಲ್ಲು ಕೀಳಿಸಲು ಹತ್ತಿರದ ಪೇಟೆಗೆ ಹೋದದ್ದು ಬಿಟ್ಟರೆ ಅವಳು ಊರ ಎಲ್ಲೆ ದಾಟಿದವಳಲ್ಲ.

“ನಾನಿದ್ದೆ ಡಾಕ್ಟ್ರಮ್ಮ, ಹನ್ನೊಂದು ವರ್ಷ,” ಎಂದಳು. ವಾಕ್ಯದ ತುದಿ ಥೇಟ್ ಓಲ್ಮೆದೊನದರಂತೆಯೇ ಕುಸಿಯಿತು.

“ಅಲ್ಲಿದ್ದೋನು ನಾನು! ಇವಳಲ್ಲ,” ಎಂದು ಓಲ್ಮೆದೊ ಎದ್ದು ನಿಂತ. ಬೆಳಗಿನಿಂದ ತಿದ್ದಿಸಿಕೊಂಡ ದನಿ ಈಗ ಏನು ಮಾಡಿದರೂ ಇಳಿಯಲೊಲ್ಲದು. ಯಂತ್ರದ ಪರದೆಯಲ್ಲಿ ಗೆರೆ ಕೊನೆಯವರೆಗೂ ಎತ್ತರದಲ್ಲೇ ಓಡಿತು. ಡಾಕ್ಟರಮ್ಮ ಗೆರೆ ನೋಡಿದರು, ಅವನ ಸಹಿ ನೋಡಿದರು, ಇಷ್ಟು ವಯಸ್ಸಾದವರು ಸುಳ್ಳು ಹೇಳಬಾರದೆಂದು ಮೆಲ್ಲಗೆ ಬುದ್ಧಿ ಹೇಳಿದರು.

ಸಂಜೆ ಕಾರು ಹೊರಟಾಗ ಬೆನಿಲ್ದಾ ಕಿಟಕಿಯಿಂದ ತಲೆ ಹೊರಹಾಕಿದಳು.

“ಮೊಮ್ಮಗಳಿಗೆ ಏನಾದ್ರೂ ಹೇಳ್ಬೇಕೇನೋ, ಓಲ್ಮೆದೊ?” ಎಂದು ಕೇಳಿದಳು, ಅವನದೇ ದನಿಯಲ್ಲಿ.