ನೀರಿನಲ್ಲೂ ಸೋಯಾ

ನಾನು ಅಳತೆ ತಪ್ಪದ ಮನುಷ್ಯ ಎಂಬ ಹಮ್ಮು ನನಗೆ ಮೊದಲಿನಿಂದಲೂ ಇದೆ. ಸಾರಿಗೆ ಕಣ್ಣಂದಾಜಿನಲ್ಲಿ ಉಪ್ಪು ಹಾಕುವ ಹೆಂಡತಿಯನ್ನು ಕಂಡರೆ ನನಗೆ ಕನಿಕರ. ನನ್ನನ್ನು ಕಂಡರೆ ಅವಳಿಗೂ ಕನಿಕರವೇ, ಕಾರಣ ಮಾತ್ರ ಹೇಳುವುದಿಲ್ಲ. ಸಯನ್ನಿನ ಒಂದು ಪ್ರಯೋಗಾಲಯದಲ್ಲಿ ನನಗೆ ಕೆಲಸ. ಲೇಬಲ್ಲಿನಲ್ಲಿ ಹೇಳದೆ ಕುಲಾಂತರಿ ಸೋಯಾ, ಮೆಕ್ಕೆಜೋಳ ಬೆರೆಸಿದ ಪೊಟ್ಟಣದ ತಿಂಡಿಗಳನ್ನು ಪತ್ತೆ ಹಚ್ಚಬೇಕು. ಹೀಗೆ ಹತ್ತು ವರ್ಷ ಕಳೆದರೆ ಕೈಯಲ್ಲಿ ಪೊಟ್ಟಣ ಹಿಡಿದವರೆಲ್ಲ ಕಳ್ಳರ ಹಾಗೆ ಕಾಣತೊಡಗುತ್ತಾರೆ.

ವಿಜಯಪುರದ ಕಡೆಯ ಶಾಂತಕ್ಕ ಮಾಟುಂಗದಲ್ಲಿ ಆರು ಹೆಂಗಸರನ್ನು ಕಟ್ಟಿಕೊಂಡು ಚಕ್ಕುಲಿ ಮಾಡಿ ಮಾರುತ್ತಾರೆ. ಬಾಂದ್ರಾದ ದೊಡ್ಡ ಅಂಗಡಿಯೊಂದು ಅವರ ಮಾಲು ಇಟ್ಟುಕೊಳ್ಳಲು ಒಪ್ಪಿ, ಕುಲಾಂತರಿ ಅಂಶವಿಲ್ಲ ಎಂಬ ವರದಿ ಕೇಳಿತ್ತು. ನಾನು ಪರೀಕ್ಷೆ ಮಾಡಿದೆ. ಸೋಯಾ ಇದೆ, ಅದೂ ಕುಲಾಂತರಿ ಎಂದು ಬಂತು. ಫಲಿತಾಂಶ ಕೇಳಲು ಬಂದ ಶಾಂತಕ್ಕನಿಗೆ ಕುರ್ಚಿ ಕೊಟ್ಟು, ಪ್ರಾಮಾಣಿಕತೆಯ ಮೇಲೆ ಒಂದು ಉಪನ್ಯಾಸವನ್ನೂ ಕೊಟ್ಟೆ.

"ಅಕ್ಕಿ ಹಿಟ್ಟು, ಪುಟಾಣಿ, ಎಳ್ಳು, ಬೆಣ್ಣಿ. ಎಣ್ಣಿನೂ ಶೇಂಗಾದ್ದರೀ. ಸೋಯಾ ನಮ್ಮ ಅಡಗಿಮನಿ ಹೊಸ್ತಿಲಾನೂ ದಾಟಿಲ್ಲರೀ ಸರ," ಎಂದರು.

"ಅಕ್ಕಾರ, ಮಷೀನು ಸುಳ್ಳ ಹೇಳೂದಿಲ್ಲ."

"ಹಂಗಾರ ನಾ ಸುಳ್ಳ ಹೇಳಾಕತ್ತೇನೇನ್ರೀ?" ಅವರ ಕಣ್ಣು ತುಂಬಿತು.

ಆಗಲೇ ನಮ್ಮ ಮೇಲಧಿಕಾರಿ ಮರಾಠಿ ಮೇಡಂ ಬಂದು ಫಲಿತಾಂಶದ ಹಾಳೆ ಎತ್ತಿಕೊಂಡರು. ಪ್ರತಿ ಪರೀಕ್ಷೆಯ ಜೊತೆಗೆ ತಿಂಡಿಯಿಲ್ಲದ, ಬರೀ ನೀರಿರುವ ಪುಟ್ಟ ನಳಿಕೆಯೊಂದನ್ನೂ ಇಡುತ್ತೇವೆ. ಅದರಲ್ಲಿ ಏನೂ ಕಾಣಬಾರದು; ಕಂಡರೆ ಬೆರಕೆ ನಮ್ಮ ಕೋಣೆಯದೇ ಎಂದರ್ಥ. ಕಳ್ಳನನ್ನು ಹಿಡಿದ ಉತ್ಸಾಹದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ.

"ಪಾನೀ ಮೇ ಭೀ ಸೋಯಾ?" ಎಂದರು ಮೇಡಂ.

ಅವರ ದೃಷ್ಟಿ ನಿಧಾನವಾಗಿ ತಿರುಗಿ ತಕ್ಕಡಿಯ ಪಕ್ಕದ ಡಬ್ಬಿಯ ಮೇಲೆ ನಿಂತಿತು. ಹೊಟ್ಟೆ ಕರಗಿಸಿ ಎಂದು ಡಾಕ್ಟರು ಹೇಳಿದ ಮೇಲೆ ಭಾವಮೈದುನ ನನಗೆಂದು ಪರದೇಶದಿಂದ ತಂದ ಸೋಯಾ ಪುಡಿ ಅದು; ಅಲ್ಲಿನ ಸೋಯಾ ಹೆಚ್ಚಿನದೂ ಕುಲಾಂತರಿಯೇ. ಲೋಟಕ್ಕೆ ಮೂವತ್ತು ಗ್ರಾಂ ಎಂದು ಬರೆದಿತ್ತು. ಮನೆಯ ಚಮಚವನ್ನು ನಂಬದೆ ದಿನಾ ಬೆಳಿಗ್ಗೆ ಪ್ರಯೋಗಾಲಯದ ತಕ್ಕಡಿಯಲ್ಲೇ ತೂಗಿ ಕುಡಿಯುತ್ತಿದ್ದೆ. ಹಾರಿದ ಪುಡಿ ಕೋಣೆಯಲ್ಲೆಲ್ಲ ಕೂತಿತ್ತು.

ಮೇಡಂ ನನ್ನನ್ನು ಹೊರಗೆ ನಿಲ್ಲಿಸಿ, ಕೋಣೆ ತೊಳೆಸಿ, ತಾವೇ ಮತ್ತೆ ಪರೀಕ್ಷೆ ಮಾಡಿದರು. ಚಕ್ಕುಲಿ ಶುದ್ಧವಾಗಿತ್ತು. ವರದಿ ಕೊಡುವಾಗ ನಾನು ಕೈ ಮುಗಿದು, "ತಪ್ಪಾತ್ರೀ ಅಕ್ಕಾರ," ಎಂದೆ. ಅವರು ವರದಿಯನ್ನು ಎರಡು ಸಲ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಮಷೀನಿಗೆ ಬೈಬ್ಯಾಡ್ರೀ ಮತ್ತ," ಎಂದು ನಕ್ಕು ಹೋದರು.

ಸಂಜೆ ಮೇಡಂ ಒಂದು ಫಾರಂ ಮುಂದಿಟ್ಟರು. 'ಘೋಷಿಸದ ಸೋಯಾ ಎಲ್ಲಿತ್ತು?' ಎಂಬ ಕಾಲಂ ಖಾಲಿ ಇತ್ತು. ಅಲ್ಲಿ ನನ್ನ ಪೂರ್ತಿ ಹೆಸರು ಬರೆದೆ, ಇನಿಶಿಯಲ್ ಸಮೇತ.