ಡಬ್ಬಿ ಸಮೇತ ತೂಕ

ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬರು ಜೀವಮಾನದಲ್ಲಿ ಒಂದೇ ಒಂದು ಗ್ರಾಂ ತೂಕವನ್ನೂ ಕ್ಷಮಿಸಿದವರಲ್ಲ! ಅವರು ರಸ್ತೆಗೆ ಕಾಲಿಟ್ಟರೆ ಪೇಟೆಯ ತಕ್ಕಡಿಗಳೆಲ್ಲ ತಾವಾಗಿಯೇ ನೆಟ್ಟಗಾಗುತ್ತಿದ್ದವು. ಊರೆಲ್ಲ ಅವರನ್ನು ತಕ್ಕಡಿ ಸಾಹೇಬರೆಂದೇ ಕರೆಯುತ್ತಿತ್ತು. ಅವರೂ ಅದನ್ನೊಂದು ಬಿರುದೆಂದು ತಿಳಿದು ಎದೆಯುಬ್ಬಿಸಿ ಓಡಾಡುತ್ತಿದ್ದರು. ಎದೆಯ ಕೆಳಗೆ ಇನ್ನೊಂದು ಅದಕ್ಕಿಂತ ಹೆಚ್ಚು ಉಬ್ಬುತ್ತಿದ್ದದ್ದು ಅವರ ಗಮನಕ್ಕೆ ಬಂದಿರಲಿಲ್ಲ, ಅಷ್ಟೇ.

ಗಮನಕ್ಕೆ ತಂದವಳು ಮೂಲೆಯಂಗಡಿಯ ಬೇಕರಿಯಮ್ಮ. ಅವಳು ಕೇಕನ್ನು ರಟ್ಟಿನ ಡಬ್ಬಿಯ ಸಮೇತ ತೂಗುತ್ತಿದ್ದಾಗ ಸಾಹೇಬರು ಕೈ ಅಡ್ಡ ಹಿಡಿದರು. ಡಬ್ಬಿಯನ್ನು ಬೇರೆಯಾಗಿ ತೂಗಿಸಿದರು. ಅರವತ್ತು ಗ್ರಾಂ! ಭೂಮಿ ಬಾಯಿಬಿಡದೆ ಹೇಗೆ ಸುಮ್ಮನಿದೆಯೋ ಎಂಬಂತೆ ಒಮ್ಮೆ ನೆಲವನ್ನು ನೋಡಿ, ಅಲ್ಲೇ ನಿಂತು ಅವಳ ಕೈಯಿಂದಲೇ ಒಂದು ಬೋರ್ಡು ಬರೆಸಿ ಗೋಡೆಗೆ ಹೊಡೆಸಿದರು: ‘ಡಬ್ಬಿ ಸಮೇತ ತೂಗುವುದು ಅಪರಾಧ. ಮುಳ್ಳು ನಿಲ್ಲುವ ಮೊದಲೇ ತೂಕ ಓದುವುದೂ ಅಪರಾಧ.’

ಬೇಕರಿಯಮ್ಮ ಮೊಳೆ ಹೊಡೆದು ಸ್ಟೂಲಿನಿಂದ ಕೆಳಗಿಳಿದಳು. ಸಾಹೇಬರ ಶರ್ಟಿನ ಗುಂಡಿಗಳು ಪಡುತ್ತಿದ್ದ ಪಾಡನ್ನು ಒಂದು ಗಳಿಗೆ ನೋಡಿದಳು.

“ನನ್ನ ಡಬ್ಬಿ ಅರವತ್ತು ಗ್ರಾಂ ಸಾರ್, ಒಪ್ಕೊಂಡೆ. ನಿಮ್ಮ ಈ ಡಬ್ಬೀನ ಯಾರು ತೂಗ್ತಾರೆ?”

ಅಂಗಡಿ ತುಂಬ ಗಿರಾಕಿಗಳು! ಒಬ್ಬ ನಕ್ಕ, ಉಳಿದವರು ಸೇರಿಕೊಂಡರು. ಸಾಹೇಬರ ಕಿವಿಯ ತುದಿ ಕೆಂಪಾಯಿತು.

“ನಾನೇ ತೂಗ್ತೀನಿ!” ಎಂದು ಗುಡುಗಿ, ಚಪ್ಪಲಿ ಬಿಚ್ಚಿ, ಹಿಟ್ಟಿನ ಮೂಟೆ ತೂಗುವ ಯಂತ್ರವನ್ನು ಸಿಂಹಾಸನದಂತೆ ಏರಿದರು. ಶರ್ಟು ಪ್ಯಾಂಟು ಸೇರಿ ಎಂಬತ್ತಾರು ಕಿಲೋ. “ಇವತ್ತಿಗೆ ಸರಿಯಾಗಿ ಒಂದು ತಿಂಗಳು. ಇದೇ ಯಂತ್ರದ ಮೇಲೆ ಎಂಬತ್ತೊಂದು ತೋರಿಸ್ತೀನಿ! ಒಂದು ಗ್ರಾಂ ಹೆಚ್ಚಿದ್ರೂ ಈ ಬೋರ್ಡನ್ನ ನನ್ನ ಕೈಯಾರೆ ಇಳಿಸಿ, ಎಲ್ಲರ ಮುಂದೆ ನಿಮ್ಮ ಕ್ಷಮೆ ಕೇಳ್ತೀನಿ!”

ಸಾಹೇಬರ ಹೆಂಡತಿ ಆಸ್ಪತ್ರೆಯ ಲಾಂಡ್ರಿಯ ಮೇಲ್ವಿಚಾರಕಿ. ದಿನವಿಡೀ ಬಾಯ್ಲರಿನ ಪಕ್ಕದಲ್ಲಿ ನಿಂತು, ಬಟ್ಟೆಯನ್ನು ಕಿಲೋಗಟ್ಟಲೆ ಯಂತ್ರಕ್ಕೆ ತುಂಬಿಸುವವಳು. ಕಂಬಳಿಯೊಂದನ್ನು ಕೈಯಲ್ಲಿ ಎತ್ತಿದರೆ ಸಾಕು, ಅದರ ತೂಕ ಹೇಳಿಬಿಡುತ್ತಿದ್ದಳು. ಗಂಡನ ಪ್ರತಿಜ್ಞೆ ಕೇಳಿ ಅವಳು ಹಣೆ ಚಚ್ಚಿಕೊಳ್ಳಲಿಲ್ಲ. ಮೂವತ್ತು ವರ್ಷದಲ್ಲಿ ಹಣೆಗೂ ಸುಸ್ತಾಗಿತ್ತು.

“ಇದೇನು ಬ್ರಹ್ಮವಿದ್ಯೆ ಅಲ್ಲ ಕಣೇ,” ಎಂದರು ಸಾಹೇಬರು. “ಒಳಗೆ ಹಾಕೋದನ್ನ ಅರ್ಧ ಮಾಡ್ತೀನಿ. ಮೈ ಉರಿಸೋದು ಅಷ್ಟೇ ಇರುತ್ತೆ. ಉಳಿದರ್ಧ ಹೊಟ್ಟೆಯಿಂದ ಕರಗ್ಲೇಬೇಕು. ಬರೀ ಕೂಡಿಸಿ ಕಳೆಯೋ ಲೆಕ್ಕ!”

“ಉರಿಸೋದು ಅಷ್ಟೇ ಇರುತ್ತೆ ಅಂತ ಮೈ ನಿಮಗೆ ಬರೆದುಕೊಟ್ಟಿದೆಯಾ? ನಮ್ಮ ಬಾಯ್ಲರ್‌ಗೆ ಉರುವಲು ಅರ್ಧ ಮಾಡಿದ್ರೆ ಅದು ಅರ್ಧ ಹಬೆಯಲ್ಲೇ ದಿನ ತಳ್ಳುತ್ತೆ. ನೀರೂ ತಣ್ಣಗಾಗುತ್ತೆ.”

“ನನ್ನನ್ನ ಬಾಯ್ಲರ್‌ಗೆ ಹೋಲಿಸ್ತೀಯಾ? ಹಗುರವಾಗಿ ಮಾತಾಡಬೇಡ!”

“ಹಗುರ ಆಗೋಕೆ ಹೊರಟಿರೋದು ನೀವು, ನಾನಲ್ಲ.”

ಮರುದಿನದಿಂದ ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆ. ಬೆಳಿಗ್ಗೆ ಅರ್ಧ ಸೌತೆಕಾಯಿ, ಮಧ್ಯಾಹ್ನ ಅದರ ಉಳಿದರ್ಧ, ಸಂಜೆ ಒಂದು ಬಟ್ಟಲು ಉಪ್ಪಿಲ್ಲದ ಸೂಪು. ಮೊದಲ ವಾರ ಎರಡು ಕಿಲೋ ಇಳಿಯಿತು! ಸಾಹೇಬರು ಕಚೇರಿಯಲ್ಲಿ ಸಿಕ್ಕಸಿಕ್ಕವರ ಹೊಟ್ಟೆಯತ್ತ ಕನಿಕರದಿಂದ ನೋಡತೊಡಗಿದರು. ಟೈಪಿಸ್ಟ್ ಹೆಂಗಸಿನ ಊಟದ ಡಬ್ಬಿಗೆ ಕೈ ತೋರಿಸಿ, ಸಂಯಮದ ಬಗ್ಗೆ ಮುಕ್ಕಾಲು ಗಂಟೆ ಕೊರೆದರು. ಅವಳು ಅಷ್ಟರಲ್ಲಿ ಊಟ ಮುಗಿಸಿ ಡಬ್ಬಿ ತೊಳೆದಿಟ್ಟಿದ್ದಳು.

ಎರಡನೆಯ ವಾರ ಮೈಗೆ ವಿಷಯ ತಿಳಿಯಿತು. ಯಜಮಾನ ಕೈ ಬಿಗಿ ಹಿಡಿದಿದ್ದಾನೆಂದು ಗೊತ್ತಾದದ್ದೇ ತಡ, ಅದೂ ಬಿಗಿ ಹಿಡಿಯಿತು. ಮೊದಲು ಕೈಕಾಲಿನ ಬಿಸಿಯನ್ನು ನಿಲ್ಲಿಸಿತು. ಆಮೇಲೆ ಓಡಾಟವನ್ನು ನಿಲ್ಲಿಸಿತು. ಪೇಟೆ ಸುತ್ತುತ್ತಿದ್ದ ಸಾಹೇಬರು ಈಗ ಕುರ್ಚಿಯಲ್ಲಿ ಕೂತು, ತಕ್ಕಡಿಗಳನ್ನೇ ಕಚೇರಿಗೆ ಹೊತ್ತು ತರುವಂತೆ ಅಂಗಡಿಯವರಿಗೆ ಹೇಳಿ ಕಳಿಸುತ್ತಿದ್ದರು. ಕೂತಲ್ಲಿ ಕಾಲು ಅಲ್ಲಾಡಿಸುವ ಹಳೆಯ ಚಟವೂ ಹೋಯಿತು. ಬಳ್ಳಿಯಂತೆ ಹಬ್ಬುತ್ತಿದ್ದ ಅವರ ಸಹಿ ಒಂದು ಗೀಟಿಗೆ ಬಂದು ನಿಂತಿತು!

ಹೊರಗೆ ರಸ್ತೆಯ ಡಾಂಬರು ಕರಗುವಂಥ ಬಿಸಿಲು. ಒಳಗೆ ಸಾಹೇಬರಿಗೆ ಹಲ್ಲು ಕಟಕಟ! ಕಚೇರಿಯ ಕಿಟಕಿಗಳನ್ನು ಮುಚ್ಚಿಸಿದರು. ಮನೆಯಲ್ಲಿ ಹೆಂಡತಿ ಫ್ಯಾನು ಹಾಕುವುದು, ಇವರು ಆರಿಸುವುದು. ಥರ್ಮಾಮೀಟರ್ ಬಾಯಿಗಿಟ್ಟು ನೋಡಿದರೆ ಮೈಬಿಸಿ ಇರಬೇಕಾದದ್ದಕ್ಕಿಂತ ಒಂದು ಡಿಗ್ರಿ ಕಡಿಮೆ. ಸಾಹೇಬರಿಗೆ ಸಂತೋಷವೇ ಆಯಿತು: ಉಪಕರಣದಲ್ಲಿ ಮೋಸ! ಔಷಧಿಯಂಗಡಿಯಿಂದ ಇನ್ನೆರಡು ತರಿಸಿದರು. ಅವೂ ಅದನ್ನೇ ಹೇಳಿದವು. ಮೂರಕ್ಕೂ ‘ದೋಷಪೂರಿತ’ ಎಂದು ಚೀಟಿ ಅಂಟಿಸಿದರು.

ಹೆಂಡತಿ ಒಂದೊಂದನ್ನೂ ತೊಳೆದು ತನ್ನ ಬಾಯಿಗಿಟ್ಟು ನೋಡಿದಳು. “ಮೂರೂ ಸರಿಯಾಗಿವೆ. ಚೀಟಿ ಯಾರಿಗೆ ಅಂಟಿಸ್ಬೇಕು, ಹೇಳಿ?”

ಸಾಹೇಬರು ಹಾಕಿದ್ದ ಸ್ವೆಟರ್ ಮೇಲೆ ಇನ್ನೊಂದನ್ನು ಹಾಕಿಕೊಂಡರು.

ಮರುದಿನ ಕಚೇರಿಯ ಯಂತ್ರದ ಮೇಲೆ ನಿಂತರೆ ತೂಕ ಅರ್ಧ ಕಿಲೋ ಏರಿತ್ತು! ಸಾಹೇಬರಿಗೆ ಸಿಡಿಲು ಬಡಿದಂತಾಯಿತು. ಸಂಜೆಯ ಸೂಪು ಬಂದ್. ಚಳಿ ಹೆಚ್ಚಾಯಿತು. ಶಾಲು ಬಂತು. ತೂಕ ಏರಿತು. ಮಧ್ಯಾಹ್ನದ ಅರ್ಧ ಸೌತೆಕಾಯಿಯೂ ಬಂದ್. ಚಳಿ ಇನ್ನೂ ಹೆಚ್ಚಾಯಿತು. ಉಣ್ಣೆಯ ಕೋಟು ಬಂತು. ತೂಕ ಮತ್ತೂ ಏರಿತು! ತಿನ್ನದೆ ತೂಕ ಏರುವ ಪವಾಡವನ್ನು ಕಂಡು ಅವರಿಗೆ ನಿಜವಾಗಿ ಭಯವಾಯಿತು. ಆ ಬೋರ್ಡನ್ನು ಎಲ್ಲರೆದುರು ಇಳಿಸುವ ದೃಶ್ಯ ಕಣ್ಣಿಗೆ ಕಟ್ಟಿತು.

“ರೀ, ನೀವು ತೂಕ ನೋಡೋವಾಗ ಆ ಸ್ವೆಟರ್...”

“ಸ್ವೆಟರ್ ಸುದ್ದಿ ಎತ್ತಬೇಡ! ಪ್ರಾಣ ಹೋದ್ರೂ ಬಿಚ್ಚಲ್ಲ!”

ಅವಳು ತುಟಿ ಕಚ್ಚಿಕೊಂಡು ಅಡುಗೆಮನೆಗೆ ಹೋದಳು. ಅದು ದುಃಖಕ್ಕಂತೂ ಅಲ್ಲ.

ತಿಂಗಳು ತುಂಬಿದ ದಿನ ಬೇಕರಿಯ ಮುಂದೆ ಜನವೋ ಜನ. ಟೈಪಿಸ್ಟ್ ರಜೆ ಹಾಕಿ ಬಂದಿದ್ದಳು. ಸಾಹೇಬರು ಹೆಂಡತಿಯ ತೋಳು ಹಿಡಿದುಕೊಂಡು, ಉಣ್ಣೆಯ ಮೂಟೆಯಂತೆ ಬಂದು ಯಂತ್ರವನ್ನೇರಿದರು. ಎಂಬತ್ತನಾಲ್ಕೂವರೆ!

ಬೇಕರಿಯಮ್ಮ ಕೈಯಲ್ಲಿದ್ದ ಸೌಟನ್ನೆತ್ತಿದಳು. ಸೌಟಿನ ತುದಿಯಿಂದ ಬೋರ್ಡಿನ ಮೊದಲ ಸಾಲನ್ನು ತೋರಿಸಿದಳು.

ಸಾಹೇಬರು ಓದಿದರು. ತಮ್ಮನ್ನು ತಾವು ನೋಡಿಕೊಂಡರು. ಮತ್ತೆ ಓದಿದರು. “ಅಯ್ಯೋ! ನಾನು... ಡಬ್ಬಿ ಸಮೇತ...”

“ಕೋಟು ಒಂದು ಕಿಲೋ ನಾನೂರು,” ಎಂದು ಹೆಂಡತಿ ಬಿಚ್ಚಿಸುತ್ತ ಹೋದಳು. “ಸ್ವೆಟರ್ ಎರಡು, ಒಂದು ಕಿಲೋ ನೂರು. ಶಾಲು ಆರುನೂರು. ಮಫ್ಲರು, ಟೋಪಿ, ಕಾಲುಚೀಲ ನಾನೂರು. ಒಟ್ಟು ಮೂರೂವರೆ ಕಿಲೋ. ನಮ್ಮ ಲಾಂಡ್ರೀಲಿ ಇದನ್ನ ಕಾಲು ಲೋಡ್ ಅಂತೀವಿ.”

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

“ಹೇಳೋಕೆ ಬಿಟ್ರಾ?”

ಎಂಬತ್ತನಾಲ್ಕೂವರೆಯಲ್ಲಿ ಮೂರೂವರೆ ಹೋದರೆ ಎಂಬತ್ತೊಂದು! ಸರಿಯಾಗಿ ಎಂಬತ್ತೊಂದು! ಸಾಹೇಬರು ಬರೀ ಶರ್ಟು ಪ್ಯಾಂಟಿನಲ್ಲಿ ವಿಜಯೋತ್ಸಾಹದಿಂದ ಮತ್ತೆ ಯಂತ್ರವನ್ನೇರಿದರು. ಆದರೆ ಹೊದ್ದದ್ದೆಲ್ಲ ಹೋದ ಮೈ ಗಡಗಡ ನಡುಗುತ್ತಿತ್ತು. ಅವರ ಜೊತೆ ಮುಳ್ಳೂ ನಡುಗಿತು. ಎಂಬತ್ತು, ಎಂಬತ್ತೆರಡು, ಎಂಬತ್ತೂವರೆ, ಎಂಬತ್ತೊಂದೂಮುಕ್ಕಾಲು!

“ನೋಡಿ, ಎಂಬತ್ತು! ಗೆದ್ದೆ!”

ಸೌಟು ಬೋರ್ಡಿನ ಎರಡನೆಯ ಸಾಲಿಗೆ ಹೋಯಿತು.

ಉಸಿರು ಬಿಗಿಹಿಡಿದರು, ಯಂತ್ರದ ಕಂಬ ಹಿಡಿದರು, ಕಣ್ಣು ಮುಚ್ಚಿದರು. ಮುಳ್ಳು ನಿಲ್ಲಲೊಲ್ಲದು. ಹತ್ತು ನಿಮಿಷವಾದ ಮೇಲೆ ಬೇಕರಿಯಮ್ಮನಿಗೇ ಪಾಪ ಎನ್ನಿಸಿತು. ಒಲೆಯಿಂದ ಆಗಷ್ಟೇ ತೆಗೆದ ಒಂದು ಬನ್ನು, ಅರ್ಧ ಲೋಟ ಹೊಗೆಯಾಡುವ ಚಹಾ ಮುಂದೆ ಚಾಚಿದಳು. “ತಗೊಳ್ಳಿ ಸಾರ್. ನಡುಕ ನಿಲ್ಲುತ್ತೆ.”

ಬೇಡವೆನ್ನಲು ಸಾಹೇಬರು ಬಾಯಿ ತೆರೆದರು. ತೆರೆದ ಬಾಯಿಗೆ ಬನ್ನು ಹೋಯಿತು. ಹಿಂದೆಯೇ ಚಹಾ ಹೋಯಿತು. ಅವರ ಕಣ್ಣಲ್ಲಿ ನೀರು ಬಂತು. ಬೆರಳುಗಳಿಗೆ ಬಿಸಿ ಬಂತು, ಕೆನ್ನೆಗೆ ಬಣ್ಣ ಬಂತು, ನಡುಕ ಇಳಿಯಿತು. ಮುಳ್ಳೂ ನಿಧಾನವಾಗಿ ಬಂದು ನಿಂತಿತು.

ಎಂಬತ್ತೊಂದು ಕಿಲೋ ಇನ್ನೂರು ಗ್ರಾಂ!

“ಇದು ಅನ್ಯಾಯ! ಬನ್ನು ಮತ್ತು ಚಹಾದ ತೂಕ ಕಳೀರಿ!”

“ಕಳೆಯೋದು ಡಬ್ಬಿ ತೂಕ ಮಾತ್ರ,” ಎಂದಳು ಹೆಂಡತಿ. “ಒಳಗೆ ಹೋಗಿರೋದು ಮಾಲು.”

ಸಾಹೇಬರು ಯಂತ್ರದಿಂದ ಇಳಿದರು. ಇಪ್ಪತ್ತೆಂಟು ವರ್ಷ ಊರಿಗೆಲ್ಲ ಹೇಳಿದ ಕಾನೂನು ಇದೇ. ಸ್ಟೂಲು ಹತ್ತಿ, ಎರಡು ಕೈಯಿಂದ ಬೋರ್ಡು ಇಳಿಸಿ, ತಲೆ ತಗ್ಗಿಸಿ, “ತಪ್ಪಾಯ್ತಮ್ಮ,” ಎಂದರು. ಅವಮಾನ ಸುಡುತ್ತಿತ್ತು. ತಿಂಗಳಲ್ಲಿ ಮೊದಲ ಸಲ ಮೈಯಲ್ಲಿ ಏನೋ ಒಂದು ಸುಡುತ್ತಿತ್ತಲ್ಲ, ಅದೇ ಸಮಾಧಾನ.

ಬೇಕರಿಯಮ್ಮನ ಮನಸ್ಸು ಕರಗಿತು. “ಇರ್ಲಿ ಬಿಡಿ ಸಾರ್. ನಿಮ್ಮ ಹೊಟ್ಟೆ ತಣ್ಣಗಿರ್ಲಿ.”

“ಆ ಮಾತೊಂದು ಬೇಡ ತಾಯೀ!” ಸಾಹೇಬರು ಬೆಚ್ಚಿಬಿದ್ದರು. “ಒಂದು ತಿಂಗಳಿಂದ ತಣ್ಣಗೇ ಇದೆ. ಬಿಸಿಬಿಸಿ ಬನ್ನು ಇನ್ನಾರು ಕೊಡಿ.”

“ಡಬ್ಬಿಗೆ ಹಾಕಿ ಕೊಡ್ಲಾ ಸಾರ್?”

“ಬೇಡ,” ಎಂದಳು ಹೆಂಡತಿ, ಗಂಡನ ಶರ್ಟಿನ ಗುಂಡಿ ಸರಿಮಾಡುತ್ತ. “ಅವರು ಡಬ್ಬಿ ತಂದಿದ್ದಾರೆ.”